ಕೇಕಿನ ತಟ್ಟೆ



ಕ್ರಿಸ್ತಜಯಂತಿಯ ದಿನ ನಮ್ಮ ಅರಸೀಕೆರೆಯಲ್ಲಿ ನಾವು ಬೀದಿಯ ಮಕ್ಕಳಿಗೆಲ್ಲ ಕೇಕು ಹಂಚುತ್ತೇವೆ. ಯಾರ ಮಕ್ಕಳೆಂದು ಕೇಳುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಹೀಗೆಯೇ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೈದರಾಬಾದಿನ ಗೆಳೆಯರನ್ನು ವಾಟ್ಸಾಪ್ ಸಂದೇಶವೊಂದು ಮಕ್ಕಳ ಕಳ್ಳರೆಂದಿತು. ಅವರ ಕಾರಿಗಿಂತ ಮೊದಲೇ ಸುದ್ದಿ ಮುರ್ಕಿ ಗ್ರಾಮ ಮುಟ್ಟಿತ್ತು. ಗುಂಪಿನ ಹೊಡೆತಕ್ಕೆ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಪ್ರಾಣಬಿಟ್ಟ. ಅದೇ ತಿಂಗಳು ವಾಟ್ಸಾಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸಬಹುದೆಂಬ ಮಿತಿ ತರುವುದಾಗಿ ಹೇಳಿತು. ಐದೂ ಹೆಚ್ಚೇ!

ಕಳಿಸಿದವರೆಲ್ಲ ದುಷ್ಟರೆಂದು ನಮಗನಿಸದು. ಮಕ್ಕಳ ಮೇಲಿನ ಅಕ್ಕರೆ, ತಾವೇ ಮೊದಲು ತಿಳಿಸಬೇಕೆಂಬ ಆತುರ. ಅಂಥ ಸಂದೇಶಗಳು ನಮ್ಮ ಫೋನುಗಳಿಗೂ ಬಂದಿದ್ದವಲ್ಲವೇ? ಮುಂದಕ್ಕೆ ಕಳಿಸದೆ ಬಿಟ್ಟವರು ನಮ್ಮಲ್ಲಿ ಎಷ್ಟು ಮಂದಿ?

ಈ ರಾತ್ರಿ ನಮ್ಮ ಜಂಕ್ಷನ್ನಿನಲ್ಲಿ ರೈಲಿಗೆ ಕಾಯುತ್ತ ಕುಳಿತ ಅಪರಿಚಿತರಿರುತ್ತಾರೆ. ಕೇಕಿನ ತಟ್ಟೆ ಅಲ್ಲಿಗೂ ಹೋಗಲಿ.