ಧೂಪದ ಮರ, ತೊರಕೆ ಮೀನು
(ಜಾವಳಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರ)



ಖಬರಸ್ತಾನದ ಅಂಚಿನ ಬಿಳಿ ಧೂಪದ ಮರಕ್ಕೆ ವ್ಯಾಪಾರಿಯೊಬ್ಬರು ಬೆಲೆ ಹೇಳಿ ಹೋಗಿರುವುದು ನಿಮಗೆಲ್ಲ ಗೊತ್ತು. ಮದ್ರಸದ ಚಾವಣಿ ಸೋರುತ್ತಿದೆ, ಮಳೆ ಹತ್ತಿರ ಬಂತು. ನಾವೂ ಮೊದಲು ‘ಆಗಲಿ’ ಎಂದೇ ಹೇಳಿದ್ದೆವು. ಆ ಮಾತನ್ನು ಇಂದು ಹಿಂದಕ್ಕೆ ಪಡೆಯುತ್ತೇವೆ.

ಈ ಧೂಪ ನಮ್ಮ ಪಶ್ಚಿಮ ಘಟ್ಟದ್ದೇ ಮರ. ಜಗತ್ತಿನ ಬೇರೆ ಕಾಡುಗಳಲ್ಲಿ ತಾನಾಗಿ ಬೆಳೆಯುವುದಿಲ್ಲ. ಪ್ಲೈವುಡ್‌ಗೆಂದು ಕಡಿದರು, ರಾಳಕ್ಕೆಂದು ತೊಗಟೆ ಕೊಚ್ಚಿದರು, ಎಣ್ಣೆಗೆಂದು ಬೀಜ ಆಯ್ದು ಒಯ್ದರು. ಈಗ ಅದು ಐಯುಸಿಎನ್ ಸಂಸ್ಥೆಯ ಅಳಿವಿನ ಅಪಾಯದ ಪಟ್ಟಿಯಲ್ಲಿದೆ. ಅದರ ಬೀಜ ಭತ್ತದಂತೆ ಕಣಜದಲ್ಲಿ ಕಾಯುವುದಿಲ್ಲ. ಮಳೆಗಾಲದ ಆರಂಭದಲ್ಲಿ ಉದುರುತ್ತದೆ, ಕೂಡಲೇ ಮೊಳೆಯಬೇಕು, ಒಣಗಿದರೆ ಸತ್ತಿತು. ಭಾರವಾದ ಬೀಜ, ಹೆಚ್ಚಾಗಿ ತಾಯಿಮರದ ಬುಡಕ್ಕೇ ಬೀಳುತ್ತದೆ. ತಾಯಿ ಹೋದರೆ ಆ ಜಾಗಕ್ಕೆ ಇನ್ನೊಂದು ಬರುವುದು ಕಷ್ಟ.

ಇದಕ್ಕೂ ಮೀನಿಗೂ ಏನು ಸಂಬಂಧ ಎನ್ನುತ್ತೀರಿ. ಮಂಗಳೂರಿನಿಂದ ಘಾಟಿ ಹತ್ತಿ ಬರುವ ಮೀನಿನಲ್ಲಿ ತೊರಕೆಯನ್ನು ನೋಡಿದ್ದೀರಿ: ಚಪ್ಪಟೆ ಮೈ, ಚಾಟಿಯಂಥ ಬಾಲ, ಬಾಲದಲ್ಲಿ ವಿಷದ ಮುಳ್ಳು. ಬೂತಾಯಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ತೊರಕೆ ತಡವಾಗಿ ಪ್ರಾಯಕ್ಕೆ ಬಂದು, ಹೊಟ್ಟೆಯೊಳಗೇ ಮರಿ ಬೆಳೆಸಿ, ಕೆಲವನ್ನಷ್ಟೇ ಹೆರುತ್ತದೆ. ಸಮುದ್ರದ ತಳ ಗೋರುವ ಟ್ರಾಲ್ ಬಲೆಗೆ ತಾಯಿ, ಮರಿ ಎಂಬ ಭೇದವಿಲ್ಲ. ಶಾರ್ಕ್ ಮತ್ತು ತೊರಕೆಯ ಬಳಗದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಜಾತಿಗಳು ಅಪಾಯದಲ್ಲಿವೆ ಎಂದು 2021ರ ಜಾಗತಿಕ ಅಧ್ಯಯನ ಹೇಳಿತು. ಕಾರಣ ಅತಿಯಾದ ಮೀನುಗಾರಿಕೆ.

ಒಂದು ನಿಂತಲ್ಲೇ ನಿಲ್ಲುತ್ತದೆ, ಇನ್ನೊಂದು ಈಜುತ್ತದೆ. ಆದರೂ ನಾವು ತೆಗೆಯುವಷ್ಟು ಬೇಗ ಎರಡೂ ಹುಟ್ಟಲಾರವು.

ತೊರಕೆ ಹಲಾಲೇ ಎಂದು ಕೆಲವರು ಕೇಳುತ್ತಾರೆ. ಅದೂ ಮೀನೇ, ಹಲಾಲ್. ಆದರೆ ಹಲಾಲ್ ಎಂದರೆ ಮುಗಿಸಿಬಿಡಿ ಎಂಬ ಪರವಾನಗಿಯಲ್ಲ. ಪ್ರಾಣಿಪಕ್ಷಿಗಳೂ ನಮ್ಮಂತೆಯೇ ಸಮುದಾಯಗಳೆಂದು ಅಲ್ಲಾಹನು ಸೂರಃ ಅಲ್ ಅನ್‌ಆಮ್‌ನ 38ನೇ ಆಯತ್‌ನಲ್ಲಿ ತಿಳಿಸಿದ್ದಾನೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನಿಗೆ ಅಷ್ಟಾದರೂ ಬಿಡುವು ಸಿಕ್ಕಿತು. ಇಲ್ಲಿ ಧೂಪದ ಬೀಜ ಬೀಳುವುದೂ ಆ ದಿನಗಳಲ್ಲೇ. ನಮ್ಮ ಮರಕ್ಕೆ ಬಿಡುವು ಕೊಡಬೇಕಾದವರು ಜಮಾಅತ್‌ನವರು, ಅಂದರೆ ನಾವೇ.

ಚಾವಣಿಗಾಗಿ ಬಾಗಿಲ ಬಳಿ ಡಬ್ಬಿ ಇಟ್ಟಿದೆ. ಮೊದಲ 500 ರೂಪಾಯಿ ನಮ್ಮದು. ಬೀಜ ಉದುರತೊಡಗಿದ ಮೇಲೆ ಭಾನುವಾರ ಅಸರ್ ನಮಾಝಿನ ನಂತರ ಮಕ್ಕಳನ್ನು ಚೀಲ ಕೊಟ್ಟು ಕಳುಹಿಸಿ. ಆಯ್ದದ್ದನ್ನು ಅಂದೇ ನೆಡಬೇಕು, ಮನೆಯಲ್ಲಿ ಇಟ್ಟುಕೊಳ್ಳಬೇಡಿ.