ಮಿಷನ್ ಶಾಲೆ ಮತ್ತು ನಮ್ಮ ಮಕ್ಕಳು
(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟ ವಿಷಯ 'ಹಿರಿಯ ಪ್ರಾಥಮಿಕ ಹಂತದ ಶಿಕ್ಷಣ'. ಅಂಕಿಅಂಶ ಹೇಳಿ ನಿಮ್ಮ ತಾಳ್ಮೆ ಪರೀಕ್ಷಿಸುವುದಿಲ್ಲ. ಒಬ್ಬ ತಂದೆ ನನ್ನನ್ನು ಕೇಳಿದ ಪ್ರಶ್ನೆಯೊಂದಕ್ಕೆ ನಾನು ಕೊಡದೆ ಹೋದ ಉತ್ತರವನ್ನು ಇಂದು ನಿಮ್ಮ ಮುಂದೆ ಕೊಡುತ್ತೇನೆ.

ನಾಲ್ಕು ವರ್ಷದ ಹಿಂದಿನ ಮಾತು. ಬಸವಕಲ್ಯಾಣದ ನಮ್ಮ ಉರ್ದು ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ ಹುಡುಗಿಯೊಬ್ಬಳಿದ್ದಳು. ತರಗತಿಗೆ ಮೊದಲಿಗಳು. ಅವಳ ತಂದೆ ತಳ್ಳುಗಾಡಿಯಲ್ಲಿ ಹಣ್ಣು ಮಾರುವವರು. ಒಂದು ಮಧ್ಯಾಹ್ನ ಗಾಡಿಯನ್ನು ಗೇಟಿನ ಹೊರಗೆ ನಿಲ್ಲಿಸಿ ಒಳಗೆ ಬಂದು, "ಟೀಚರ್, ಇವಳಿಗಿ ಮಿಷನ್ ಸಾಲಿಗಿ ಹಾಕಬೇಕಂತೀನಿ. ಹಾಕಲೇನ್ರಿ?" ಎಂದು ಕೇಳಿದರು. ಅವರ ಹಿಂದೆ ಆ ಹುಡುಗಿ ನಿಂತಿದ್ದಳು, ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಯೋಚಿಸಿದೆ. ಹಾಕಿ ಎಂದರೆ, ನಾಳೆ ಯಾರಾದರೂ 'ಟೀಚರೇ ಹೇಳಿದ್ದರು' ಎಂದು ಬೆರಳು ತೋರಿಸಿಯಾರು. ಬೇಡ ಎನ್ನಲು ಮನಸ್ಸು ಒಪ್ಪಲಿಲ್ಲ. ಕೊನೆಗೆ, "ನಿಮ್ಮ ಇಷ್ಟ ಭಾಯಿಸಾಬ್" ಎಂದುಬಿಟ್ಟೆ. ಅವರು ಸಲಾಂ ಹೇಳಿ ಹೋದರು. ಹುಡುಗಿ ಮಿಷನ್ ಶಾಲೆಗೂ ಹೋಗಲಿಲ್ಲ, ಬೇರೆ ಶಾಲೆಗೂ ಹೋಗಲಿಲ್ಲ. ಮನೆಯಲ್ಲೇ ಉಳಿದಳು.

'ನಿಮ್ಮ ಇಷ್ಟ' ಎಂಬುದು ಉತ್ತರವಲ್ಲ. ಗೊತ್ತಿದ್ದವರು ಗೊತ್ತಿಲ್ಲದವರ ತಲೆಯ ಮೇಲೆ ಹೊರಿಸುವ ಭಾರ ಅದು. ಅದನ್ನು ಹೊರಿಸುವ ಹಕ್ಕು ನನಗೆ ಖಂಡಿತ ಇರಲಿಲ್ಲ. ಏಕೆಂದರೆ ನಾನೇ ಅಂಥ ಶಾಲೆಯಲ್ಲಿ ಓದಿದವಳು, ಬಿ.ಇಡಿ. ಆದ ಮೇಲೆ ಅಂಥದೇ ಇನ್ನೊಂದು ಶಾಲೆಯಲ್ಲಿ ಮೂರು ವರ್ಷ ಕನ್ನಡ ಕಲಿಸಿದವಳು.

1999ರಲ್ಲಿ ನನ್ನನ್ನು ಹುಮನಾಬಾದಿನ ಒಂದು ಕ್ರಿಶ್ಚಿಯನ್ ಆಡಳಿತದ ಶಾಲೆಗೆ ಐದನೇ ತರಗತಿಗೆ ಸೇರಿಸಿದರು. ನಾಲ್ಕನೆಯವರೆಗೆ ನಾನು ಓದಿದ್ದು ಉರ್ದುವಿನಲ್ಲಿ. ಮೊದಲ ದಿನ ಕನ್ನಡ ಪೀರಿಯಡ್‌ನಲ್ಲಿ ಎಲ್ಲರೂ ನೋಟ್‌ಬುಕ್ ತೆರೆದರು, ನಾನೂ ತೆರೆದೆ, ಹಿಂದಿನಿಂದ! ಉರ್ದು ಮಕ್ಕಳಿಗೆ ಪುಸ್ತಕ ಶುರುವಾಗುವುದೇ ಆ ಕಡೆಯಿಂದ. ತರಗತಿ ಗೊಳ್ಳೆಂದು ನಕ್ಕಿತು. ಟೀಚರ್ ನಗಲಿಲ್ಲ. ಹತ್ತಿರ ಬಂದು, "ಆ ಕಡೆಯಿಂದ ಉರ್ದು ಬರಿ, ಈ ಕಡೆಯಿಂದ ಕನ್ನಡ ಬರಿ. ನಿನ್ನ ನೋಟ್‌ಬುಕ್ ಎಲ್ಲರಿಗಿಂತ ಮೊದಲು ತುಂಬುತ್ತದೆ" ಎಂದರು. ಆ ವರ್ಷವೆಲ್ಲ ನಾನು ಹಾಗೆಯೇ ಮಾಡಿದೆ. ನಡುವಿನ ಪುಟದಲ್ಲಿ ಎರಡೂ ಭಾಷೆ ಎದುರುಬದುರಾದ ದಿನ ಅದನ್ನು ಅವರಿಗೆ ತೋರಿಸಲು ಓಡಿಹೋಗಿದ್ದೆ. ನಾನು ಎರಡೂ ಭಾಷೆ ಕಲಿಸುವ ಶಿಕ್ಷಕಿ ಆದದ್ದು ಅಲ್ಲಿಂದ.

ಈಗ ಆ ತಂದೆಯ ಮನಸ್ಸಿನಲ್ಲಿದ್ದ ಭಯಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು ಧರ್ಮದ ಭಯ. 'ಅಲ್ಲಿ ಪ್ರಾರ್ಥನೆ ಮಾಡಿಸುತ್ತಾರೆ, ಮಗು ಬದಲಾಗುತ್ತದೆ' ಎಂಬ ಮಾತು. ನನ್ನ ಶಾಲೆಯಲ್ಲಿ ಬೆಳಿಗ್ಗೆ ಪ್ರಾರ್ಥನಾ ಗೀತೆ ಇರುತ್ತಿತ್ತು, ನಿಜ. ಮುಖ್ಯೋಪಾಧ್ಯಾಯಿನಿ ನನ್ನ ಅಮ್ಮಿಗೆ ಮೊದಲ ದಿನವೇ ಹೇಳಿದ್ದರು, "ಅವಳು ಶಿಸ್ತಿನಿಂದ ನಿಂತರೆ ಸಾಕು. ಮನಸ್ಸಿನಲ್ಲಿ ತನ್ನ ದುವಾ ಓದಿಕೊಳ್ಳಲಿ." ಕ್ರಿಶ್ಚಿಯನ್ ಮಕ್ಕಳು ಬೈಬಲ್ ಪಾಠಕ್ಕೆ ಹೋದಾಗ ಉಳಿದವರಿಗೆ ನೀತಿಪಾಠ. ಶುಕ್ರವಾರ ನಮ್ಮ ಹುಡುಗರಿಗೆ ಜುಮ್ಮಾ ನಮಾಜಿಗೆ ಮಧ್ಯಾಹ್ನದ ಬಿಡುವು ಅರ್ಧ ಗಂಟೆ ಹೆಚ್ಚು. ಎಲ್ಲ ಶಾಲೆಯೂ ಹೀಗೆಯೇ ಇದೆ ಎಂದು ನಾನು ಹೇಳುವುದಿಲ್ಲ. ಆದರೆ ಕಾನೂನು ಎಲ್ಲ ಶಾಲೆಗೂ ಒಂದೇ. ಸಂವಿಧಾನದ 28ನೇ ವಿಧಿಯ 3ನೇ ಖಂಡದ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಶಾಲೆಯೂ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಪೂಜೆ ಪ್ರಾರ್ಥನೆಗೋ ಕಡ್ಡಾಯವಾಗಿ ಕೂರಿಸುವಂತಿಲ್ಲ. ಈ ವಿಧಿ ನಮ್ಮ ಸಂಘದ ಶಾಲೆಗೂ ಅನ್ವಯಿಸುತ್ತದೆ ಎಂಬುದನ್ನು ನೆನಪಿಡಿ. ನಮ್ಮಲ್ಲಿ ಓದುವ ಬೇರೆ ಧರ್ಮದ ಮಗುವಿಗೂ ಅಷ್ಟೇ ಹಕ್ಕಿದೆ.

ಬದರ್ ಯುದ್ಧದ ನಂತರ ಸೆರೆಸಿಕ್ಕವರಲ್ಲಿ ಓದುಬರಹ ಬಲ್ಲವರು ಮದೀನಾದ ಹತ್ತು ಹತ್ತು ಮಕ್ಕಳಿಗೆ ಅಕ್ಷರ ಕಲಿಸಿ ಬಿಡುಗಡೆ ಪಡೆದರು ಎಂಬುದನ್ನು ನಾವೆಲ್ಲ ಸೀರತ್ ಜಲಸಾಗಳಲ್ಲಿ ಕೇಳಿದ್ದೇವೆ. ಅಂದು ಕಲಿಸಿದವರ ಧರ್ಮ ಯಾವುದೆಂದು ಯಾರೂ ಅಡ್ಡಿ ಮಾಡಲಿಲ್ಲ.

ಎರಡನೆಯದು, 'ಅಲ್ಲಿ ಓದಿದ ನಮ್ಮವರು ಏನಾಗಿದ್ದಾರೆ?' ಎಂಬ ಅನುಮಾನ. ಮೂರು ಉದಾಹರಣೆ ಕೊಡುತ್ತೇನೆ. ಅಲ್ಲಾಮಾ ಇಕ್ಬಾಲ್ ಓದಿದ್ದು ಸಿಯಾಲ್‌ಕೋಟಿನ ಸ್ಕಾಚ್ ಮಿಷನ್ ಶಾಲೆಯಲ್ಲಿ. ಅಲ್ಲಿ ಅವರನ್ನು ತಿದ್ದಿದ ಗುರು ಮೌಲವಿ ಸೈಯದ್ ಮೀರ್ ಹಸನ್, ಅರಬ್ಬಿ ಮತ್ತು ಫಾರ್ಸಿಯ ದೊಡ್ಡ ವಿದ್ವಾಂಸರು. ಮೌಲವಿಯೊಬ್ಬರು ಪಾದ್ರಿಗಳ ಶಾಲೆಯಲ್ಲಿ ಕಲಿಸಿದರು, ಅವರ ಬಳಿ ಇಕ್ಬಾಲ್ ತಯಾರಾದರು. ಎರಡನೆಯವರು ನಮ್ಮ ರಾಷ್ಟ್ರಪತಿಗಳಾಗಿದ್ದ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ. ರಾಮೇಶ್ವರದಿಂದ ಅವರು ಹೋದದ್ದು ರಾಮನಾಥಪುರದ ಶ್ವಾರ್ಟ್ಜ್ ಹೈಸ್ಕೂಲಿಗೆ, ಮುಂದೆ ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿಗೆ. ಶ್ವಾರ್ಟ್ಜ್ ಶಾಲೆಯ ಅಯ್ಯಾದುರೈ ಸೊಲೊಮನ್ ಎಂಬ ಮೇಷ್ಟ್ರು ತಮ್ಮಲ್ಲಿ ಆತ್ಮವಿಶ್ವಾಸ ತುಂಬಿದರೆಂದು ಅವರು ಆತ್ಮಕಥೆಯಲ್ಲಿ ಸ್ಮರಿಸಿದ್ದಾರೆ.

ಮೂರನೆಯವರು ನಮ್ಮ ಕರ್ನಾಟಕದವರೇ, ಹಾಸನದ ಬಾನು ಮುಷ್ತಾಕ್ ಅವರು. ಎಂಟು ವರ್ಷದ ಹುಡುಗಿಯಾಗಿದ್ದಾಗ ಅವರನ್ನು ಶಿವಮೊಗ್ಗದ ಕನ್ನಡ ಮಾಧ್ಯಮದ ಮಿಷನರಿ ಶಾಲೆಗೆ ಸೇರಿಸಲಾಯಿತು. ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕೆಂಬುದು ಷರತ್ತು. ಆ ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಅದೇ ಕನ್ನಡದಲ್ಲಿ ಬರೆದ ಕಥೆಗಳು ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದದಲ್ಲಿ 'ಹಾರ್ಟ್ ಲ್ಯಾಂಪ್' ಆಗಿ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದವು. ಕನ್ನಡದ ಕೃತಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆ ಕಥೆಗಳ ತುಂಬ ಇರುವುದು ನಮ್ಮ ಮನೆಯ ಹೆಣ್ಣುಮಕ್ಕಳ ಸುಖದುಃಖ. ಶಿವಮೊಗ್ಗದ ಆ ತಂದೆಯೂ ಅಂದು 'ನಿಮ್ಮ ಇಷ್ಟ' ಎನ್ನುವ ಟೀಚರ್ ಮಾತು ಕೇಳಿ ಹಿಂದಿರುಗಿದ್ದರೆ?

ಇಷ್ಟು ಹೇಳಿದ ಮಾತ್ರಕ್ಕೆ ಮಿಷನ್ ಶಾಲೆಯಲ್ಲಿ ಎಲ್ಲವೂ ಸಲೀಸು ಎಂದುಕೊಳ್ಳಬೇಡಿ. ಅಲ್ಲಿ ನಾನು ತೆತ್ತ ಬೆಲೆಯನ್ನೂ ಹೇಳಬೇಕು. ಆ ಶಾಲೆಯಲ್ಲಿ ಉರ್ದು ವಿಷಯವೇ ಇರಲಿಲ್ಲ. ಆರನೇ ತರಗತಿಯ ಹೊತ್ತಿಗೆ ನನ್ನ ಉರ್ದು ಓದು ತಡವರಿಸತೊಡಗಿತು. ಅಮ್ಮಿ ರಾತ್ರಿ ರೊಟ್ಟಿ ಮುಗಿಸಿ ಒಲೆಯ ಮುಂದೆ ಕೂರಿಸಿ ದಿನಾ ಒಂದು ಪುಟ ಓದಿಸಿರದಿದ್ದರೆ ನನ್ನ ಉರ್ದು ಅಂದೇ ಮುಗಿದುಹೋಗುತ್ತಿತ್ತು. ಎಲ್ಲ ಮನೆಯಲ್ಲೂ ಓದುಬಲ್ಲ ಅಮ್ಮಿ ಇರುವುದಿಲ್ಲ. ಫೀಸೂ ಸಣ್ಣ ಮಾತಲ್ಲ. ಆರನೇ ತರಗತಿಯ ಎರಡನೇ ಕಂತಿಗೆ ಅಮ್ಮಿಯ ಕಿವಿಯೋಲೆ ಹೋಯಿತು. ಇನ್ನು ಹೆಣ್ಣುಮಕ್ಕಳ ತಾಯಂದಿರು ಕೇಳುವ ಪ್ರಶ್ನೆ ತಲೆವಸ್ತ್ರದ್ದು. 2022ರಲ್ಲಿ ನಮ್ಮ ರಾಜ್ಯದಲ್ಲಿ ನಡೆದದ್ದು ನಿಮಗೆಲ್ಲ ಗೊತ್ತು. ಆ ಮಾರ್ಚ್ 15ರಂದು ಹೈಕೋರ್ಟ್ ಸಮವಸ್ತ್ರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನಾನು ಹೇಳುವುದಿಷ್ಟೇ: ಫೀಸು ಕಟ್ಟುವ ಮೊದಲು ಮುಖ್ಯೋಪಾಧ್ಯಾಯರ ಮುಂದೆ ಕುಳಿತು ಕೇಳಿ. ತಲೆವಸ್ತ್ರಕ್ಕೆ ಅವಕಾಶವಿದೆಯೇ? ಉರ್ದು ತೃತೀಯ ಭಾಷೆಯಾಗಿ ಇದೆಯೇ? ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ? ಜೂನ್‌ನಲ್ಲಿ ಕೇಳದೆ ಸೇರಿಸಿ ಆಗಸ್ಟ್‌ನಲ್ಲಿ ಜಗಳವಾಡಿ ಬಿಡಿಸಿದರೆ ವರ್ಷ ಹಾಳಾಗುವುದು ಮಗುವಿನದು.

ಈಗ ಕಲಿಕೆಯ ಮಾತು. ಆ ಶಾಲೆಗಳಲ್ಲಿ ಏನು ವಿಶೇಷವಿದೆ? ಅಲ್ಲಿನ ಮಕ್ಕಳು ನಮ್ಮ ಮಕ್ಕಳಿಗಿಂತ ಬುದ್ಧಿವಂತರಲ್ಲ. ಇದನ್ನು ಎರಡೂ ಕಡೆ ಕಲಿಸಿದವಳಾಗಿ ಹೇಳುತ್ತೇನೆ. ವ್ಯತ್ಯಾಸ ಇರುವುದು ಸಣ್ಣ ಸಣ್ಣ ಸಂಗತಿಗಳಲ್ಲಿ. ಗಂಟೆ ಬಾರಿಸಿದ ಮೇಲೆ ಶಿಕ್ಷಕರು ಸ್ಟಾಫ್ ರೂಮಿನಲ್ಲಿ ಉಳಿಯುವುದಿಲ್ಲ. ಪ್ರತಿ ಸೋಮವಾರ ಪಾಠಯೋಜನೆಯ ಡೈರಿ ಮುಖ್ಯೋಪಾಧ್ಯಾಯರ ಮೇಜಿಗೆ ಹೋಗುತ್ತದೆ. ವಾರಕ್ಕೊಂದು ಲೈಬ್ರರಿ ಪೀರಿಯಡ್ ಇದೆ, ಅದನ್ನು ಗಣಿತದ ಮೇಷ್ಟ್ರು ಕಸಿದುಕೊಳ್ಳುವುದಿಲ್ಲ. ಮಗು ಎರಡು ದಿನ ಬಾರದಿದ್ದರೆ ಮೂರನೇ ದಿನ ಮನೆಗೆ ಫೋನ್ ಹೋಗುತ್ತದೆ. ನೋಟ್‌ಬುಕ್ಕಿನ ತಪ್ಪನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ, ತಿದ್ದಿದ್ದನ್ನು ಮಗು ಮತ್ತೆ ಬರೆದಿದೆಯೇ ಎಂದು ನೋಡುತ್ತಾರೆ. ಎರಡನೇ ಸಲ ನೋಡುವುದರಲ್ಲಿಯೇ ಗುಟ್ಟಿರುವುದು. ಇವುಗಳಲ್ಲಿ ಹಣ ಖರ್ಚಾಗುವಂಥದ್ದು ಯಾವುದು? ನಮ್ಮ ಶಾಲೆಯಲ್ಲಿ ಇವನ್ನು ಮಾಡಲು ಯಾರು ಬೇಡವೆಂದಿದ್ದಾರೆ? ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿ ಗ್ರಂಥಾಲಯ ತುಂಬಿಸಿದ ಮಹಮೂದ್ ಗವಾನರ ಜಿಲ್ಲೆಯವರು ನಾವು. ಶರಣರು ಜಾತಿ ಕೇಳದೆ ಒಟ್ಟಿಗೆ ಕುಳಿತು ಮಾತಾಡಿದ ಕಲ್ಯಾಣದ ನೀರು ಕುಡಿದವರು ನಾವು. ಒಳ್ಳೆಯದನ್ನು ಪಕ್ಕದ ಶಾಲೆಯಿಂದ ಕಲಿಯಲು ನಮಗೆ ಸಂಕೋಚವೇಕೆ?

ಏಳನೇ ತರಗತಿಯ ನಮ್ಮ ಮಕ್ಕಳು ಬೇರೆ ಶಾಲೆಗೆ ಹೋದಾಗ ಮೊದಲು ಎಡವುವುದು ಕನ್ನಡದಲ್ಲಿ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಯಲೇಬೇಕು. ಎಡವಲು ಕಾರಣ ದಡ್ಡತನವಲ್ಲ. ಉರ್ದು ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಓದುವವರು ಊಹಿಸಿಕೊಳ್ಳುತ್ತಾರೆ. ಎ ಮತ್ತು ಏ, ಒ ಮತ್ತು ಓ ಎಂಬ ಭೇದ ನಮ್ಮ ಮಕ್ಕಳ ಕಿವಿಗೆ ಹೊಸದು. ಣ, ಳ ಅಕ್ಷರಗಳು ಉರ್ದುವಿನಲ್ಲಿಲ್ಲ. ಆದ್ದರಿಂದ 'ಮಳೆ' ಬರೆಯೆಂದರೆ 'ಮಲೆ' ಬರೆಯುತ್ತಾರೆ, 'ಕೊಡು' ಎಂದರೆ 'ಕೋಡು' ಬರೆಯುತ್ತಾರೆ. ಇದಕ್ಕೆ ಬೇಕಾದದ್ದು ಬೆತ್ತವಲ್ಲ, ಒಂದೂವರೆ ತಿಂಗಳ ಸರಿಯಾದ ಅಭ್ಯಾಸ.

ಆದ್ದರಿಂದ ಸಂಘದ ಮುಂದೆ ನನ್ನ ಮೂರು ಬೇಡಿಕೆಗಳಿವೆ. ಒಂದು, ಪ್ರತಿ ಏಪ್ರಿಲ್, ಮೇ ತಿಂಗಳಲ್ಲಿ ಏಳನೇ ತರಗತಿ ಮುಗಿಸಿದ ಉರ್ದು ಮಕ್ಕಳಿಗೆ ಬೆಳಗಿನ ಎರಡು ತಾಸು ಕನ್ನಡ ಮತ್ತು ಇಂಗ್ಲಿಷ್ ತರಗತಿ. ಬಸವಕಲ್ಯಾಣದಲ್ಲಿ ನಾನು ಕಲಿಸುತ್ತೇನೆ, ಸಂಬಳ ಬೇಡ. ಹುಮನಾಬಾದಿನಲ್ಲಿ ಯಾರಾದರೂ ಮುಂದೆ ಬನ್ನಿ. ಎರಡು, ಖಾಸಗಿ ಶಾಲೆಗೆ ಹೋಗುವ ಬಡ ಮಕ್ಕಳ ಮೊದಲ ಕಂತಿನ ಫೀಸಿಗೆ ಒಂದು ನಿಧಿ. ಮೂರು, ಅಲ್ಲಿಗೆ ಹೋದ ಮಕ್ಕಳಿಗೆ ಭಾನುವಾರ ಒಂದು ತಾಸು ಉರ್ದು. ಅವರು ಹೊಸದನ್ನು ಕಲಿಯಲಿ, ಮನೆಯ ಭಾಷೆಯೂ ಉಳಿಯಲಿ.

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ಯಾವ ಶಾಲೆಗೆ ಹೋದರೂ ಮೊದಲ ವಾರ ಯಾರೋ ನಗುತ್ತಾರೆ. ನಿಮ್ಮ ಉಚ್ಚಾರಕ್ಕೆ ನಗಬಹುದು, ಡಬ್ಬಿಯ ಊಟಕ್ಕೆ ನಗಬಹುದು. ನಗಲಿ ಬಿಡಿ. ನಿಮ್ಮ ನೋಟ್‌ಬುಕ್ ಎರಡೂ ಕಡೆಯಿಂದ ತುಂಬುತ್ತಿದೆ ಎಂಬುದನ್ನು ಮರೆಯಬೇಡಿ. ಹಾಗೆಯೇ ನಮ್ಮ ಶಾಲೆಗೆ ಹೊಸ ಮಗು ಬಂದಾಗ ನೀವು ನಗುವವರ ಸಾಲಿನಲ್ಲಿ ಇರಬೇಡಿ.

ಆ ಹುಡುಗಿಯ ಮಾತಿಗೆ ಮರಳಿ ಬರುತ್ತೇನೆ. ಕಳೆದ ರಂಜಾನಿನಲ್ಲಿ ಅವರ ಮನೆಗೆ ಹೋಗಿದ್ದೆ. ಅವಳು ಅಂಗಳದಲ್ಲಿ ಕುಳಿತು ತಂಗಿಯ ಕನ್ನಡ ನೋಟ್‌ಬುಕ್ ತಿದ್ದುತ್ತಿದ್ದಳು. 'ಮಲೆ' ಎಂದಿದ್ದುದನ್ನು ಹೊಡೆದು 'ಮಳೆ' ಎಂದು ಬರೆದಿದ್ದಳು, ಕೆಂಪು ಪೆನ್ನಿನಲ್ಲಿ. ನನಗೆ ಅಲ್ಲಿ ಹೆಚ್ಚು ಹೊತ್ತು ಕೂರಲಾಗಲಿಲ್ಲ. ಮರುವಾರ ಎನ್.ಐ.ಓ.ಎಸ್. ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಹತ್ತನೇ ತರಗತಿಯ ಅರ್ಜಿಯ ವಿವರ ತೆಗೆದುಕೊಂಡು ಹೋದೆ. ಹದಿನಾಲ್ಕು ತುಂಬಿದವರು ಅದರ ಮೂಲಕ ಪರೀಕ್ಷೆ ಬರೆಯಬಹುದು, ಉರ್ದು ಮಾಧ್ಯಮದಲ್ಲೂ ಬರೆಯಬಹುದು. ಅವಳು ಬರೆಯುತ್ತೇನೆ ಎಂದಿದ್ದಾಳೆ. ಹೋದ ವರ್ಷಗಳನ್ನು ನಾನು ತಂದುಕೊಡಲಾರೆ.

ಆ ತಂಗಿ ಈ ವರ್ಷ ಏಳನೆಯದು ಮುಗಿಸುತ್ತಾಳೆ. ಅವಳ ತಂದೆ ಮೊನ್ನೆ ಮತ್ತೆ ಗಾಡಿ ನಿಲ್ಲಿಸಿ ಒಳಗೆ ಬಂದು ಅದೇ ಪ್ರಶ್ನೆ ಕೇಳಿದರು. ಈ ಸಲ ನಾನು 'ನಿಮ್ಮ ಇಷ್ಟ' ಎನ್ನಲಿಲ್ಲ. "ಕೂಡ್ರಿ ಭಾಯಿಸಾಬ್" ಎಂದು ಕುರ್ಚಿ ಹಾಕಿ, ಇಲ್ಲಿಯವರೆಗೆ ನಿಮಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿದೆ. ಎಲ್ಲವನ್ನೂ ಕೇಳಿಸಿಕೊಂಡು ಅವರು ಒಂದೇ ಮಾತು ಕೇಳಿದರು, "ಆ ಸಾಲಿಗಿ ಕೇಳಲಿಕ್ಕಿ ನೀವೂ ನನ್ನ ಸಂಗಡ ಬರ್ತೀರೇನ್ರಿ?"

ಬರುತ್ತೇನೆ ಎಂದಿದ್ದೇನೆ. ಈ ಸಭೆಯಲ್ಲಿ ಓದು ಬಲ್ಲ ಪ್ರತಿಯೊಬ್ಬರನ್ನೂ ನಾನು ಕೇಳುವುದು ಅಷ್ಟನ್ನೇ. ಈ ವರ್ಷ ಒಬ್ಬ ತಂದೆಯ ಸಂಗಡ, ಒಂದು ಶಾಲೆಯ ಬಾಗಿಲವರೆಗೆ ಹೋಗಿ ಬನ್ನಿ.