ದುಡಿಯುವ ಯುವಜನರ ಗುರು
(ಕಾರ್ಮಿಕ ಸಂತ ಜೋಸೆಫರ ಹಬ್ಬ, ಮೇ 1. ಶುಭಸಂದೇಶ: ಮತ್ತಾಯ 13:54-58)



ಮೇ 1 ಲೋಕಕ್ಕೆ ಕಾರ್ಮಿಕರ ದಿನ. 1955ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್‌ರವರು ಅದೇ ದಿನವನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದರು. ಇಂದಿನ ಶುಭಸಂದೇಶದಲ್ಲಿ ನಜರೇತಿನವರು ಯೇಸುವನ್ನು ಬಡಗಿಯ ಮಗನೆಂದು ಹಗುರವಾಗಿ ಕಂಡರು. ಕೈಕೆಲಸದವನ ಮನೆಯಲ್ಲಿ ದೇವರು ವಾಸವಾಗಿರಬಹುದೆಂದು ಅವರಿಗೆ ಹೊಳೆಯಲಿಲ್ಲ.

ಕಾರ್ಖಾನೆಯ ಹುಡುಗ ಹುಡುಗಿಯರಲ್ಲಿ ಆ ಬಡಗಿಯ ಮಗನನ್ನೇ ಕಂಡ ಗುರುಗಳೊಬ್ಬರನ್ನು ಇಂದು ನೆನೆಯೋಣ. ಅವರು ಬೆಲ್ಜಿಯಂ ದೇಶದ ಜೋಸೆಫ್ ಕಾರ್ಡೈನ್. 1882ರಲ್ಲಿ ದುಡಿಯುವ ಕುಟುಂಬದಲ್ಲಿ ಹುಟ್ಟಿದರು. ಗುರುಮಠದಿಂದ ರಜೆಗೆ ಬಂದಾಗ, ಕಾರ್ಖಾನೆ ಸೇರಿದ್ದ ಹಳೆಯ ಶಾಲಾ ಗೆಳೆಯರು ಅವರನ್ನು ಪರಕೀಯನಂತೆ ಕಂಡು ದೂರ ಸರಿದರು. 1903ರಲ್ಲಿ, ದುಡಿದು ಸವೆದ ತಂದೆಯ ಮರಣಶಯ್ಯೆಯ ಬಳಿ, ತಮ್ಮ ಬಾಳನ್ನು ಕಾರ್ಮಿಕರಿಗೇ ಮುಡಿಪಿಡುವುದಾಗಿ ಅವರು ಪ್ರತಿಜ್ಞೆ ಮಾಡಿದರು. 1906ರಲ್ಲಿ ಗುರುದೀಕ್ಷೆ ಪಡೆದರು. ಬ್ರಸೆಲ್ಸ್ ಬಳಿಯ ಲಾಕೆನ್ ಧರ್ಮಕೇಂದ್ರದಲ್ಲಿ ದುಡಿಯುವ ಯುವಜನರನ್ನು ಒಟ್ಟುಗೂಡಿಸಿದರು. 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಸಂಘಟನೆ ರೂಪುಗೊಂಡಿತು. ಒಬ್ಬ ಯುವ ಕಾರ್ಮಿಕನ ಬೆಲೆ ಲೋಕದ ಚಿನ್ನವೆಲ್ಲಕ್ಕಿಂತ ಹೆಚ್ಚು ಎಂಬುದೇ ಅವರ ನಂಬಿಕೆ. 1965ರಲ್ಲಿ ಕಾರ್ಡಿನಲ್ ಆದರು, 1967ರಲ್ಲಿ ದೈವಾಧೀನರಾದರು.

ಅವರು ಯುವಕರಿಗೆ ದಾನ ಹಂಚಲಿಲ್ಲ, ಉಪದೇಶ ಮಾಡಿ ಕಳುಹಿಸಲೂ ಇಲ್ಲ. ನೋಡು, ವಿವೇಚಿಸು, ಕಾರ್ಯಗೈ: ಈ ಮೂರು ಹೆಜ್ಜೆಗಳನ್ನು ಕಲಿಸಿದರು. ತಮ್ಮ ಕಷ್ಟವನ್ನು ತಾವೇ ನೋಡಿ, ಶುಭಸಂದೇಶದ ಬೆಳಕಿನಲ್ಲಿ ತೂಗಿ, ತಾವೇ ಹೆಜ್ಜೆ ಇಡಬೇಕು. 1961ರಲ್ಲಿ ಜಗದ್ಗುರು ಇಪ್ಪತ್ತಮೂರನೇ ಜಾನ್‌ರವರು ತಮ್ಮ ವಿಶ್ವಪತ್ರದಲ್ಲಿ ಈ ಕ್ರಮವನ್ನು ಇಡೀ ಧರ್ಮಸಭೆಗೆ ಶಿಫಾರಸು ಮಾಡಿದರು.

ನಮ್ಮ ಉದ್ಯಾವರದಲ್ಲಿ ಈ ಹೆಜ್ಜೆಗಳನ್ನು ಇಟ್ಟು ನೋಡೋಣ. ಮೊದಲು ನೋಡೋಣ. ಬೆಳಕು ಹರಿಯುವ ಮುನ್ನ ಮಲ್ಪೆ ಬಂದರಿಗೆ ಹೋಗುವವರು, ಮೀನಿನ ಕಾರ್ಖಾನೆಯಲ್ಲಿ, ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವರು, ಉಡುಪಿ ಮಣಿಪಾಲದ ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರುವವರು ಎಷ್ಟು ಮಂದಿ? ಅವರ ಹೆಸರು ನಮಗೆ ಗೊತ್ತೇ? ಸಂಬಳದ ಚೀಟಿ ಸಿಗುತ್ತದೆಯೇ? ಕಡಿತವಾದ ಪಿ.ಎಫ್. ಹಣ ಖಾತೆಗೆ ಜಮೆಯಾಗಿದೆಯೇ? ರಾತ್ರಿ ಪಾಳಿ ಮುಗಿಸಿದ ಹುಡುಗಿ ಮನೆ ಸೇರುವುದು ಹೇಗೆ? ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗನಿಗೆ ಜ್ವರ ಬಂದರೆ ಗಂಜಿ ಕೊಡುವವರು ಯಾರು?

ಅನಂತರ ವಿವೇಚಿಸೋಣ. ಎಂಜಿನಿಯರ್ ಆದ ಮಗನ ಹೆಸರನ್ನು ಹೆಮ್ಮೆಯಿಂದ ಹೇಳುವ ನಾವು, ವರ್ಕ್‌ಶಾಪಿನಲ್ಲಿ ಕೈ ಕಪ್ಪಾಗಿಸಿಕೊಂಡ ಮಗನ ಹೆಸರನ್ನೂ ಅದೇ ದನಿಯಲ್ಲಿ ಹೇಳಬೇಕಲ್ಲವೇ? ನಮ್ಮಲ್ಲಿ ನಾಲ್ಕು ಜನರಿಗೆ ಕೆಲಸ ಕೊಟ್ಟ ಧಣಿಗಳೂ ಇದ್ದಾರೆ. ನ್ಯಾಯವಾದ ಕೂಲಿ ದಾನವಲ್ಲ, ಸಾಲ. ತೀರಿಸಲೇಬೇಕಾದ ಸಾಲ.

ಕೊನೆಗೆ ಕಾರ್ಯ. ತಿಂಗಳಿಗೊಂದು ಭಾನುವಾರ ಸಂಜೆ ದುಡಿಯುವ ಯುವಜನರು ಕೂಡಲಿ. ಅವರೇ ಮಾತಾಡಲಿ, ಹಿರಿಯರು ಕೇಳಲಿ. ಕಾನೂನು ಬಲ್ಲವರು, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು ಒಂದು ಗಂಟೆ ಕೊಡಲಿ. ವಾರ್ಡಿನ ಗುರಿಕಾರರು ಪರವೂರಿನ ಕಾರ್ಮಿಕರ ಬಿಡಾರಗಳಿಗೂ ಹೋಗಿಬರಲಿ. ಅವರ ಮತ ಯಾವುದೆಂದು ಕೇಳುವುದು ಬೇಡ.

ಬಡಗಿಯ ಮನೆಯಲ್ಲಿ ಬೆಳೆದ ಯೇಸುಸ್ವಾಮಿ, ಸಂತ ಜೋಸೆಫರ ಬಿನ್ನಹದ ಮೂಲಕ, ದುಡಿಯುವ ನಮ್ಮ ಮಕ್ಕಳೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.